ನಮ್ಮ ಮೇಜಿನ ಮೇಲೆ ಕೆಡದ ಕಂಪ್ಯೂಟರ್

ಪೂರ್ತಿ ಕೆಟ್ಟು ಕೂತ ಯಂತ್ರ ರಿಪೇರಿಗೆ ಬಂದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅದು ಸತ್ತಿದೆ, ಬದುಕಿಸಬೇಕು, ಅಷ್ಟೆ. ಬೆಳಿಗ್ಗೆ ಕೈಕೊಟ್ಟು, ನಾವು ಬಸ್ಸು ಹತ್ತಿ ಹೋಗಿ ನೋಡುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಓಡುತ್ತಿರುವ ಯಂತ್ರವಿದೆಯಲ್ಲ, ಅದು ಮನುಷ್ಯರ ಮಾನ ಕಳೆಯುತ್ತದೆ. ಮೊದಲು ನಮ್ಮದು, ಆಮೇಲೆ ಅದರ ಯಜಮಾನನದು.

ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಲೇ ನಾನು ತಲೆ ಬೆಳ್ಳಗೆ ಮಾಡಿಕೊಂಡೆ. ಈಗ ಬಿಟ್ಟು ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಬಂದು ಕೂತು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ನಾನು ಯಾವಾಗ ಹಿರಿಯ ಎಂಜಿನಿಯರ್ ಅನ್ನಿಸಿಕೊಂಡೆ, ಯಾವಾಗ ನನಗೊಂದು ಬೇರೆ ಕುರ್ಚಿ ಕೊಟ್ಟರು ಎಂಬುದೆಲ್ಲ ಅವರಿಗೆ ಪ್ರಯೋಜನವಿಲ್ಲದ ಪುರಾಣ. ಹೇಳಬೇಕಾದದ್ದು ಒಂದಿದೆ. ಅದನ್ನು ಬಾಯಲ್ಲಿ ಹೇಳಲು ಹೋದರೆ ಸಿಟ್ಟು ಬಂದು ಮಾತು ದಿಕ್ಕು ತಪ್ಪುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಪೇಟೆಯೊಳಗೆ ಒಂದು ಮಹಡಿಯ ಮೇಲಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರೂ ಕಡೆಯ ಗಿರಾಕಿಗಳು ನಮಗೆ. ಮಾಲೀಕರು ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದರು, ಕಾಯಿಲೆಯಾದರೆ ಮನೆಗೆ ಬಂದು ನೋಡುತ್ತಿದ್ದರು. ಆದರೆ ಕೆಲಸದಲ್ಲಿ ಅವರದು ಒಂದೇ ಹಟ. ಗೋಡೆಯುದ್ದಕ್ಕೂ ಹಾಕಿಸಿದ್ದ ಉದ್ದನೆಯ ಮರದ ಮೇಜನ್ನು ತಟ್ಟಿ, "ಇಲ್ಲಿ ಕೆಟ್ಟು ತೋರ್ಸಲಿ ಕಣ್ರೀ, ಆಮ್ಯಾಕೆ ಕೆಟ್ಟೈತೆ ಅಂತೀನಿ" ಎನ್ನುತ್ತಿದ್ದರು. ಬಂದ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಪಕ್ಕದ ತಗಡು ಬಿಚ್ಚಿ, ಓಡಿಸಿ ನೋಡುವುದು ನಮ್ಮ ಪದ್ಧತಿ. ನಮ್ಮದೊಂದೇ ಅಂಗಡಿಯಲ್ಲ, ಎಲ್ಲ ಅಂಗಡಿಯಲ್ಲೂ ಹಾಗೆಯೇ. ಮಲಗಿಸದೆ ಒಳಗೆ ಕೈ ಹಾಕಲು ಆಗುವುದಿಲ್ಲ.

ಈ ಮಾತೆಲ್ಲ ಬರುವುದು ಗ್ರಾಫಿಕ್ಸ್ ಕಾರ್ಡ್ ಎಂಬ ಒಂದು ಸಾಮಾನಿನ ಸುತ್ತ. ತಿಳಿಯದವರಿಗೆ ಹೇಳುವುದಾದರೆ, ಪರದೆಯ ಮೇಲೆ ಚಿತ್ರ ಮೂಡಿಸುವ ಹಲಗೆ ಅದು. ಒಳಗಿನ ದೊಡ್ಡ ಬೋರ್ಡಿನಲ್ಲಿ ಸ್ಲಾಟ್ ಎಂಬ ಉದ್ದನೆಯ ಸೀಳಿರುತ್ತದೆ. ಕಾರ್ಡನ್ನು ಅದರಲ್ಲಿ ಒತ್ತಿ ಕೂರಿಸಬೇಕು. ಕಾರ್ಡಿನ ಅಂಚಿನ ಹೊಂಬಣ್ಣದ ಹಲ್ಲುಗಳು ಸ್ಲಾಟಿನ ಒಳಗೆ ಸರಿಯಾಗಿ ತಾಗಿದರೆ ಕಂಪ್ಯೂಟರ್ ಅದನ್ನು ಗುರುತು ಹಿಡಿಯುತ್ತದೆ. ತಾಗದಿದ್ದರೆ ಪರದೆ ಕಪ್ಪಾಗಿ, ಒಳಗಿನಿಂದ ಪೀಂ ಪೀಂ ಎಂದು ಕೂಗುತ್ತದೆ. ಕೂಗು ಕೇಳಿದೊಡನೆ ನಾವು ಕಾರ್ಡು ಕಿತ್ತು, ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಲ್ಲು ಉಜ್ಜಿ, ಮತ್ತೆ ಕೂರಿಸುತ್ತಿದ್ದೆವು. ನೂರಕ್ಕೆ ತೊಂಬತ್ತು ಸಲ ಅಷ್ಟರಲ್ಲೇ ಮುಗಿಯುತ್ತಿತ್ತು. ಉಳಿದ ಹತ್ತರಲ್ಲಿ ನಮ್ಮ ಆಯುಷ್ಯ ಹೋಯಿತು.

ಮದ್ದೂರಿನ ಒಂದು ಹೋಟೆಲಿನಲ್ಲಿ ಬಿಲ್ಲಿನ ಕಂಪ್ಯೂಟರನ್ನು ಎಣ್ಣೆ ಬಾಣಲೆಯ ಪಕ್ಕದ ಗೋಡೆಗೇ ಒರಗಿಸಿಟ್ಟಿದ್ದರು. ಬಿಚ್ಚಿ ನೋಡಿದರೆ ಕಾರ್ಡು ಕಾಣಲಿಲ್ಲ, ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡು ಹೂರಣ ಹಚ್ಚಿದ ಹಾಗಿತ್ತು. ಜಾಗ ಬದಲಿಸಿ ಅಂದೆ. ಯಜಮಾನರು ಆಯ್ತಾಯ್ತು ಎಂದು, "ಮೊದ್ಲು ಬಿಸಿ ವಡೆ ತಿನ್ನಿ ಸಾ, ಕಂಪ್ಯೂಟ್ರು ಎಲ್ಲಿಗ್ ಓಯ್ತದೆ" ಎಂದರು. ನಿಜವೇ, ಅದು ಎಲ್ಲಿಗೂ ಹೋಗಲಿಲ್ಲ. ಪ್ರತಿ ಸಲವೂ ಅದೇ ಗೋಡೆ, ಅದೇ ಜಿಡ್ಡು, ಅದೇ ವಡೆ. ಹೇಳಿದ್ದನ್ನು ಯಾರೂ ಕೇಳುವುದಿಲ್ಲ ಎಂಬ ಪಾಠ ನನಗೆ ಸಿಕ್ಕಿದ್ದು ಅಲ್ಲಿ.

ಇನ್ನೊಮ್ಮೆ ಭಾರತೀನಗರದ ಕಡೆಯ ಒಂದು ಕಚೇರಿಯಲ್ಲಿ ಪರದೆ ಬರುತ್ತಿಲ್ಲವೆಂದಾಗ ಮಾಲೀಕರೇ ಜಂಬದಿಂದ ಹೊರಟರು. ಕಾರ್ಡು ಸತ್ತಿದೆ ಎಂದು ಘೋಷಿಸಿ, ಹೊಸದು ತರಿಸಿ ಹಾಕಿದರು. ಅದೂ ಬರಲಿಲ್ಲ. ಕೊನೆಗೆ ಕಸ ಗುಡಿಸಲು ಬಂದ ಹೆಂಗಸು ಹಿಂದಿನ ತಂತಿ ಎಳೆದು ಬೇರೆ ತೂತಿಗೆ ಸಿಕ್ಕಿಸಿದಾಗ ಚಿತ್ರ ಮೂಡಿತಂತೆ. ಅವಳೇ ಅದನ್ನು ಹಿಂದಿನ ದಿನ ಗುಡಿಸುವಾಗ ಕಿತ್ತು ತಪ್ಪು ಕಡೆ ಹಾಕಿದ್ದಳು. ಆದರೆ ಮೇಜಿನ ಮೇಲೆ ಮಾಲೀಕರಿಗಿದ್ದ ನಂಬಿಕೆ ಆವತ್ತಿನಿಂದ ಇನ್ನೂ ಗಟ್ಟಿಯಾಯಿತು. ಹೊರಗೆ ಹೋಗಿ ನೋಡುವುದೇ ತಪ್ಪು, ಎಲ್ಲವೂ ಇಲ್ಲಿಗೇ ಬರಲಿ ಎಂದರು.

ಹಾಗೆ ಬಂದವನು ನಿಂಗರಾಜು.

ಮಳವಳ್ಳಿಯಲ್ಲಿ ಅವನದು ಮದುವೆ ವಿಡಿಯೋ ಮಾಡುವ ಸ್ಟುಡಿಯೋ. ಅದಕ್ಕೆ ಮೊದಲು ಅಣ್ಣ ಪುಟ್ಟಸ್ವಾಮಿಯ ಗೊಬ್ಬರದ ಅಂಗಡಿಯಲ್ಲಿ ಮೂಟೆ ತೂಗುತ್ತಿದ್ದ. ಅಣ್ಣ ಕೂಗಿದಾಗ ಓಡಿ ಬಂದು, ಬೈದಾಗ ತಲೆ ತಗ್ಗಿಸಿ ನಿಲ್ಲುವುದೇ ಅಲ್ಲಿ ಅವನ ಬಾಳು. ಮದುವೆಯಾದ ಮೇಲೆ ಹೆಂಡತಿ ಸವಿತಾ ಬೆನ್ನಿಗೆ ನಿಂತಳು, ಬೇರೆ ಬಂದು ಸ್ಟುಡಿಯೋ ಹಾಕಿದ. ಅಣ್ಣ ತಡೆಯಲಿಲ್ಲ. "ಓಗ್ಲಾ, ಓಗು. ನಿನ್ ಕೈಲಿ ಆಗ್ದು. ಆಗ್ದೆ ಇದ್ದಾಗ ಬಾ, ಮೂಟೆ ಇದ್ದೇ ಇರ್ತವೆ" ಎಂದನಂತೆ. ಈ ಮಾತನ್ನು ನಿಂಗರಾಜು ನನಗೆ ಮೊದಲ ದಿನವೇ ಹೇಳಿದ. ಆ ಮಾತು ಸುಳ್ಳಾಗಬೇಕು ಎನ್ನುವುದೊಂದೇ ಅವನಿಗೆ ಬೇಕಾಗಿದ್ದದ್ದು.

ಅವನ ಕೆಲಸ ಹೇಗಿತ್ತು ಅಂತ ಕೇಳಿದರೆ, ಎಲ್ಲರಂತೆ ಅವನೂ ಗುಲಾಬಿ ಹೂವು ತಿರುಗಿಸುತ್ತಿದ್ದ, ವಧೂವರರನ್ನು ಮೋಡದ ಮೇಲೆ ಕೂರಿಸುತ್ತಿದ್ದ. ನಾನು ನಗುತ್ತಿದ್ದೆ. ಒಮ್ಮೆ ಬೇರೊಂದು ತುಣುಕು ತೋರಿಸಿದ. ಮುಹೂರ್ತದ ಹೊತ್ತು, ಛತ್ರವೆಲ್ಲ ಅಕ್ಷತೆ ಹಿಡಿದು ಮಂಟಪದ ಕಡೆ ನೋಡುತ್ತಿದೆ. ಇವನ ಕ್ಯಾಮರಾ ಮಾತ್ರ ಹಿಂಬಾಗಿಲಿಗೆ ತಿರುಗಿದೆ. ಅಲ್ಲಿ ಹುಡುಗಿಯ ಸೋದರಮಾವ ಸಾಂಬಾರಿನ ಬಕೆಟ್ಟು ಹಿಡಿದುಕೊಂಡೇ ನಿಂತು, ಕಣ್ಣು ಒರೆಸಲು ಕೈ ಬಿಡುವಿಲ್ಲದೆ ಭುಜಕ್ಕೆ ಮುಖ ಉಜ್ಜಿಕೊಳ್ಳುತ್ತಿದ್ದಾನೆ. ನನ್ನ ನಗು ನಿಂತಿತು. ಇವನಿಗೆ ಕಣ್ಣಿದೆ ಅನ್ನಿಸಿತು.

ಅವನ ಕಂಪ್ಯೂಟರಿನಲ್ಲಿ ಎರಡು ಫ್ಯಾನಿನ ದೊಡ್ಡ ಕಾರ್ಡಿತ್ತು, ಕೈಯಲ್ಲಿ ಹಿಡಿದರೆ ಒಳ್ಳೆಯ ತೂಕ. ಪೆಟ್ಟಿಗೆ ಮಾತ್ರ ಅಗ್ಗದ ತೆಳು ತಗಡಿನದು. ಸಮಸ್ಯೆ ಇಷ್ಟೆ: ಕಂಪ್ಯೂಟರ್ ಒಂದು ದಿನ ಕಾರ್ಡನ್ನು ಗುರುತು ಹಿಡಿಯುತ್ತದೆ, ಒಂದು ದಿನ ಹಿಡಿಯುವುದಿಲ್ಲ. ಕೆಲವು ಸಲ ಕೆಲಸ ನಡೆಯುತ್ತಿರುವಾಗಲೇ ಪರದೆ ಕಪ್ಪಾಗಿ, ಮಾಡಿದ್ದೆಲ್ಲ ಹೋಗುತ್ತದೆ. ಅವನು ಅದನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ತಂದ. ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿದ್ದರಿಂದ ಬರುವುದು ತಡವಾಯಿತು ಎಂದು ಬೆವರು ಒರೆಸಿಕೊಂಡ. ಮೇಜಿನ ಮೇಲೆ ಮಲಗಿಸಿ ಸ್ವಿಚ್ ಹಾಕಿದೆವು. ಪರದೆ ಬೆಳಗಿತು. ದಿನವಿಡೀ ಓಡಿಸಿದೆವು, ಒಮ್ಮೆಯೂ ಮಿನುಕಲಿಲ್ಲ.

"ಬೆಳಿಗ್ಗೆ ಬರ್ನಿಲ್ಲ ಸಾ. ಸವಿತನ್ ಕೇಳಿ ಬೇಕಾದ್ರೆ" ಎಂದ.

"ಈಗ ಬಂತಲ್ಲಪ್ಪ" ಎಂದರು ಮಾಲೀಕರು.

ತೆಗೆದುಕೊಂಡು ಹೋದ. ವಾರ ಕಳೆಯುವುದರೊಳಗೆ ಮತ್ತೆ ಬಂದ. ಮತ್ತೆ ಸರಿಯಾಗಿ ಓಡಿತು. ಕಾರ್ಡನ್ನು ಕಿತ್ತು ನಮ್ಮ ಪರೀಕ್ಷೆಯ ಬೋರ್ಡಿಗೆ ಹಾಕಿದೆವು. ಅದಕ್ಕೆ ಪೆಟ್ಟಿಗೆಯೇ ಇಲ್ಲ, ಬರೀ ಬೋರ್ಡು ಮೇಜಿನ ಮೇಲೆ ಮಲಗಿರುತ್ತದೆ. ಅಲ್ಲೂ ಓಡಿತು. ಅವನ ಪೆಟ್ಟಿಗೆಗೆ ನಮ್ಮದೊಂದು ಪುಟ್ಟ ಹಗುರ ಕಾರ್ಡು ಹಾಕಿ ಮಳವಳ್ಳಿಗೆ ಕಳಿಸಿದೆವು. ಅದು ಅಲ್ಲಿ ಒಂದು ದಿನವೂ ಕೈಕೊಡಲಿಲ್ಲ, ಆದರೆ ಅದರಲ್ಲಿ ವಿಡಿಯೋ ಕತ್ತರಿಸಲು ಹೋದರೆ ಚಿತ್ರ ಕುಂಟುತ್ತಿತ್ತು. ಸರಿ, ಕಾರ್ಡಿನದೇ ದೋಷ ಎಂದು ಕಂಪನಿಗೆ ಕಳಿಸಿದೆವು. ಅವರು ನೋಡಿ, ಚೆನ್ನಾಗಿದೆ ಎಂದು ಹಿಂದಕ್ಕೆ ಕಳಿಸಿದರು. ಅದನ್ನೇ ಮತ್ತೆ ಅವನ ಪೆಟ್ಟಿಗೆಗೆ ಹಾಕಿದೆವು.

ಮಾಲೀಕರು ಬೆರಳು ಮಡಿಸಿದರು. "ಕಾರ್ಡ್ ಸರಿ. ಬೋರ್ಡ್ ಸರಿ. ಕರೆಂಟ್ ಸರಿ. ಇನ್ನೇನ್ರೀ ಉಳೀತು? ಮುಂದೆ ಕುಂತಿರೋನು."

ನನಗೆ ಸಮಾಧಾನವಾಗದೆ ರಜೆಯ ದಿನ ಮಳವಳ್ಳಿಗೆ ಹೋದೆ. ಸ್ಟುಡಿಯೋದಲ್ಲಿ ಕಂಪ್ಯೂಟರನ್ನು ಒಂದು ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿದ್ದರು. ಹಣೆಯ ಜಾಗದಲ್ಲಿ ವಿಭೂತಿ ಪಟ್ಟೆ, ನಡುವೆ ಕುಂಕುಮ, ಮೇಲೊಂದು ಕನಕಾಂಬರ. ಪ್ರತಿ ಶುಕ್ರವಾರ ಸವಿತಾ ಒರೆಸಿ ಪೂಜೆ ಮಾಡುತ್ತಾಳಂತೆ. ಆಯುಧಪೂಜೆಯಲ್ಲಿ ಎಲ್ಲರೂ ಮಾಡುತ್ತಾರೆ. ಇವಳಿಗೆ ವಾರವಾರವೂ ಆಯುಧಪೂಜೆ. ನಾನು ಅದನ್ನು ನೆಲಕ್ಕೆ ಮಲಗಿಸಲು ಹೋದಾಗ ಓಡಿ ಬಂದಳು.

"ಇರಿ ಸಾ, ಬರೀ ನೆಲದ್ ಮ್ಯಾಲೆ ಬ್ಯಾಡಿ" ಎಂದು ಒಗೆದ ಟವಲು ತಂದು ಹಾಸಿದಳು. "ಪೂಜೆ ಮಾಡಿದ್ನ ಮಲಗಿಸ್ಬಾರ್ದು ಅಂತಾರೆ. ನೀವ್ ಕೆಲ್ಸ ಆದ್ ತಕ್ಷಣ ನಿಲ್ಲಿಸ್ಬುಡಿ."

ಬಿಚ್ಚಿದೆ, ಒರೆಸಿದೆ, ಕೂರಿಸಿದೆ. ಮಲಗಿದ್ದಷ್ಟು ಹೊತ್ತೂ ಗಂಟೆಗಟ್ಟಲೆ ಓಡಿತು. ಮುಚ್ಚಿ, ಮಣೆಯ ಮೇಲೆ ನಿಲ್ಲಿಸಿ, ಸ್ವಿಚ್ ಹಾಕಿದೆ. ಆಗಲೂ ಬಂತು. ಸವಿತಾ ಕಾಫಿ ಕೊಟ್ಟಳು. ನಾನು ಮಂಡ್ಯ ತಲುಪುವ ಮೊದಲೇ ನಿಂಗರಾಜುವಿನ ಫೋನು. "ಓಯ್ತು ಸಾ" ಎಂದ. ಅಷ್ಟೇ ಮಾತು.

ಆಮೇಲೆ ಅವನ ಮಾತಿಗೆ ಬೆಲೆ ಇಲ್ಲದಂತಾಯಿತು. ಮದುವೆಯವರು ವಿಡಿಯೋ ಕೇಳಲು ಬಂದರೆ, ಕಂಪ್ಯೂಟರಿಗೆ ಕಾರ್ಡು ಸಿಗುತ್ತಿಲ್ಲ ಎನ್ನುತ್ತಿದ್ದ. ಕೇಳಿದವರಿಗೆ ಅದೊಂದು ನೆಪ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ತಡವಾಗಿ ಬಂದರೆ, "ಏನ್ಲಾ, ನಿಂದೂ ಕಾರ್ಡ್ ಸಿಗ್ನಿಲ್ವಾ?" ಎಂದು ರೇಗಿಸುವುದು ಶುರುವಾಗಿತ್ತು. ಇದನ್ನೂ ಅವನೇ ನಗುತ್ತ ಹೇಳಿದ. ಆ ನಗು ನನಗೆ ಇಷ್ಟವಾಗಲಿಲ್ಲ.

ಕೊನೆಗೆ ಅಣ್ಣ ಪುಟ್ಟಸ್ವಾಮಿ ನಮ್ಮ ಅಂಗಡಿಗೆ ಫೋನು ಮಾಡಿದ. ಮಾಲೀಕರು ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯ ಗಡಸು ದನಿ ನನಗೂ ಕೇಳಿಸುತ್ತಿತ್ತು.

"ನಿಜ ಯೋಳಿ ಸಾ. ಮಿಷನ್ನು ಕೆಟ್ಟೈತೋ, ನಮ್ಮುಡ್ಗ ಕೆಟ್ಟವ್ನೋ?"

ಮಾಲೀಕರು ಮೇಜಿನ ಕಡೆ ನೋಡಿದರು. ನಿಂಗರಾಜು ಮತ್ತೆ ತಂದಿಟ್ಟಿದ್ದ ಕಂಪ್ಯೂಟರು ಅಲ್ಲಿ ಮಲಗಿ, ಯಾವುದೋ ಮದುವೆಯ ಆರತಿಯನ್ನು ತೋರಿಸುತ್ತಿತ್ತು. "ಮಿಷನ್ ಚೆಂದಾಗೈತೆ ಕಣಪ್ಪ, ಇಲ್ಲೇ ಓಡ್ತಾ ಐತೆ. ಓಡ್ಸೋನಿಗೆ ಬರ್ಬೇಕು" ಎಂದರು.

ಅವರು ಸುಳ್ಳು ಹೇಳಲಿಲ್ಲ. ಕಣ್ಣಿಗೆ ಕಂಡದ್ದನ್ನೇ ಹೇಳಿದರು. ನಾನು ಬಾಯಿ ತೆರೆದು ಹೇಳುವುದಕ್ಕಾದರೂ ನನ್ನ ಬಳಿ ಏನಿತ್ತು? ಮಳವಳ್ಳಿಯಲ್ಲಿ ಕೆಡುತ್ತದೆ, ಮಂಡ್ಯದಲ್ಲಿ ಕೆಡುವುದಿಲ್ಲ ಎಂದರೆ ಅದು ಮಾಟ ಮಂತ್ರದವರ ಮಾತಾಯಿತು, ಎಂಜಿನಿಯರಿನ ಮಾತಲ್ಲ. ಸ್ಟುಡಿಯೋ ಮುಚ್ಚಿತೆಂದು ಆಮೇಲೆ ಗೊತ್ತಾಯಿತು. ಕಂಪ್ಯೂಟರ್ ತೆಗೆದುಕೊಂಡು ಹೋದವನು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ನಾನು ಕೆಲಸದಲ್ಲಿರುವಾಗಲೇ ಕಾಲ ಬದಲಾಯಿತು. ಮೊದಲು ಮೂಸಿ, ಮುಟ್ಟಿ, ಬೆಸುಗೆ ಹಾಕಿ ರಿಪೇರಿ ಮಾಡುತ್ತಿದ್ದೆವು. ಆಮೇಲೆ ಏನೇ ಆದರೂ ಫಾರ್ಮ್ಯಾಟ್ ಮಾಡುವ ಕಾಲ ಬಂತು, ತಲೆನೋವಿಗೂ ಜ್ವರಕ್ಕೂ ಒಂದೇ ಮಾತ್ರೆ. ಈಗ ಕಿತ್ತು ಬಿಸಾಕಿ ಹೊಸದು ಹಾಕುವುದು. ಯಾಕೆ ಕೆಟ್ಟಿತು ಎಂದು ಕೇಳುವವರೇ ಇಲ್ಲ. ಪೆಟ್ಟಿಗೆಗಳು ಗಾಜಿನವಾಗಿವೆ, ಒಳಗೆ ದೀಪಾವಳಿ.

ನಿವೃತ್ತನಾದ ಮೇಲೆ ಒಂದು ದಿನ ಸುಮ್ಮನೆ ಹಳೆಯ ಅಂಗಡಿಗೆ ಹೋಗಿ ಕೂತಿದ್ದೆ. ಹೊಸ ಎಂಜಿನಿಯರ್ ಹುಡುಗಿ ಒಂದು ಭಾರೀ ಕಾರ್ಡಿನ ಡಬ್ಬ ಬಿಚ್ಚುತ್ತಿದ್ದಳು. ಕಾರ್ಡಿನ ಜೊತೆ ಗೇಣುದ್ದದ ಒಂದು ಲೋಹದ ಕಂಬ ಬಂತು.

"ಇದೇನಮ್ಮ?" ಎಂದೆ.

"ಊರುಗೋಲು ಸಾರ್. ಪೆಟ್ಟಿಗೆ ನಿಲ್ಲಿಸಿದಾಗ ಕಾರ್ಡ್ ಅಡ್ಡಡ್ಡ ಇರತ್ತಲ್ಲ, ಭಾರಕ್ಕೆ ಮೂತಿ ಜೋತು ಬೀಳತ್ತೆ. ಬಿಸಿಯಾದ್ರೆ ಇನ್ನೂ ಜಾರತ್ತೆ. ಹಲ್ಲು ಸ್ಲಾಟಿಂದ ಎದ್ದು ಹೋಗತ್ತೆ. ಅದಕ್ಕೆ ಕೆಳಗಿಂದ ಇದನ್ನ ಕೊಡೋದು."

"ಮಲಗಿಸಿದರೆ?"

"ಮಲಗಿಸಿದ್ರೆ ಕಾರ್ಡ್ ನೆಟ್ಟಗೆ ನಿಂತ್ಕೊಳತ್ತೆ ಸಾರ್. ತನ್ನ ಭಾರಕ್ಕೆ ತಾನೇ ಕೂತ್ಕೊಳತ್ತೆ. ಏನೂ ಆಗಲ್ಲ."

ಅವಳು ಕೆಲಸ ಮುಂದುವರಿಸಿದಳು. ನಾನು ಆ ಉದ್ದನೆಯ ಮೇಜನ್ನು ನೋಡುತ್ತ ಕೂತೆ. ಅದರ ಮೇಲೆ ನಾವು ಎಷ್ಟು ಕಂಪ್ಯೂಟರುಗಳನ್ನು ಮಲಗಿಸಿ, ಸರಿಯಾಗಿದೆ ಎಂದು ತೀರ್ಪು ಕೊಟ್ಟಿದ್ದೆವು! ನಿಂಗರಾಜು ತೊಡೆಯ ಮೇಲೆ ಮಲಗಿಸಿಕೊಂಡು ತಂದದ್ದು, ನಾವು ಮೇಜಿನ ಮೇಲೆ ಮಲಗಿಸಿದ್ದು, ನಾನು ಟವಲಿನ ಮೇಲೆ ಮಲಗಿಸಿದ್ದು, ಎಲ್ಲವೂ ಒಂದೊಂದಾಗಿ ಬಂದವು. ಮಣೆಯ ಮೇಲೆ ಗೌರವದಿಂದ ನಿಂತದ್ದೊಂದೇ ಅದರ ಕೇಡಿಗೆ ಕಾರಣ. ಸವಿತಾ ಅದನ್ನು ಅಷ್ಟು ಪ್ರೀತಿಯಿಂದ ನೋಡಿಕೊಳ್ಳದೆ ಮೂಲೆಯಲ್ಲಿ ಅಡ್ಡ ಬಿಸಾಕಿದ್ದರೆ ಅದು ಒಂದು ದಿನವೂ ಕೈಕೊಡುತ್ತಿರಲಿಲ್ಲ. ಈ ಕೆಲಸದಲ್ಲಿ ಕಾರಣ ಸಿಗುವುದು ಯಾರಿಗೂ ಬೇಡವಾದ ಮೇಲೆ.

ಆದರೂ ಮಳವಳ್ಳಿಯ ಬಸ್ಸು ಹತ್ತಿದೆ. ಹೇಳದೆ ಇರಲು ಆಗಲಿಲ್ಲ.

ಗೊಬ್ಬರದ ಅಂಗಡಿಯಲ್ಲಿ ನಿಂಗರಾಜು ಮೂಟೆಗೆ ಕೊಕ್ಕೆ ಹಾಕುತ್ತಿದ್ದ. ದಪ್ಪಗಾಗಿದ್ದ, ಕೂದಲು ಉದುರಿತ್ತು. "ಬನ್ನಿ ಸಾ, ಬನ್ನಿ" ಎಂದು ಸ್ಟೂಲು ಒರೆಸಿ ಕೂರಿಸಿದ. ಗಲ್ಲಾದ ಪಕ್ಕ ನೋಡಿದೆ. ಬಿಲ್ಲು ಹಾಕುವ ಕಂಪ್ಯೂಟರ್ ಅದೇ! ನೆಲದ ಮೇಲೆ ಅಡ್ಡ ಮಲಗಿದೆ. ಅದರ ಮೇಲೆ ತೂಕದ ಕಲ್ಲುಗಳು, ಬೀಜದ ಪೊಟ್ಟಣಗಳು, ಯಾರೋ ಕುಡಿದಿಟ್ಟ ಟೀ ಲೋಟ. ಮುಂಭಾಗದಲ್ಲಿ ಮಾಸಿದ ಕುಂಕುಮದ ಕಲೆ ಇನ್ನೂ ಇತ್ತು.

"ಹೇಗಿದೆ ಇದು?" ಎಂದೆ.

"ಇಲ್ಲಿಗ್ ಬಂದ್ ಮ್ಯಾಕೆ ಒಂದ್ ದಿನಾನೂ ಕೆಟ್ಟಿಲ್ಲ ಸಾ. ನಮ್ಮಣ್ಣ ಬಂದೋರ್ಗೆಲ್ಲ ಅದ್ನೇ ತೋರುಸ್ತಾನೆ. ನೋಡ್ರಪ್ಪ, ಮಿಷನ್ನು ನೆಟ್ಟಗೈತೆ, ನಮ್ಮುಡ್ಗನೇ ಸೋಂಬೇರಿ ಅಂತ." ಟೀ ಲೋಟ ಎತ್ತಿ ಪಕ್ಕಕ್ಕಿಟ್ಟು, "ನಂಗೂ ಅಂಗೇ ಅನ್ನುಸ್ಬುಟ್ಟೈತೆ. ನನ್ ಕೈಗುಣವೇ ಸರಿ ಇರ್ನಿಲ್ವೇನೋ" ಎಂದ.

ಮಾತಿನಲ್ಲಿ ಹೇಳಿದರೆ ಆಗದೆಂದು, ಮೇಲಿದ್ದ ಸಾಮಾನೆಲ್ಲ ಇಳಿಸಿ, ಆರಿಸಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಸ್ವಿಚ್ ಹಾಕಿದೆ. ಪರದೆ ಕಪ್ಪು. ಒಳಗಿನಿಂದ ಪೀಂ ಪೀಂ. ಆ ಕೂಗು ಕೇಳಿ ನಿಂಗರಾಜುವಿನ ಕೈಯಿಂದ ಕೊಕ್ಕೆ ಬಿತ್ತು. ಮಲಗಿಸಿದೆ, ಬೆಳಗಿತು. ಮತ್ತೆ ನಿಲ್ಲಿಸಿದೆ, ಕಪ್ಪು. ಕಾರಣ ಬಿಡಿಸಿ ಹೇಳಿದೆ. ಅವನು ಕುಕ್ಕರುಗಾಲಲ್ಲಿ ಕೂತು ಕೇಳಿದ. ಸಿಟ್ಟು ಮಾಡುತ್ತಾನೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಂಗಾದ್ರೆ ನಾನು ಸುಳ್ಳು ಯೋಳಿರ್ನಿಲ್ಲ, ಅಲ್ವಾ ಸಾ?" ಎಂದ.

"ಇಲ್ಲಪ್ಪ. ಒಂದು ಮಾತೂ ಸುಳ್ಳಿರಲಿಲ್ಲ."

ಅವನು ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಗೆ ಯೂರಿಯಾ ಮೆತ್ತಿದ್ದು ನೋಡಿ, ಭುಜಕ್ಕೆ ಮುಖ ಉಜ್ಜಿಕೊಂಡ. "ಒಂದುಪಕಾರ ಮಾಡಿ ಸಾ. ಇದ್ನ ನಮ್ಮಣ್ಣನ್ ಮುಂದೆ ಒಂದ್ಸಲ ಯೋಳ್ಬುಡಿ. ಬ್ಯಾರೆ ಏನೂ ಬ್ಯಾಡ."

ಪುಟ್ಟಸ್ವಾಮಿ ಗೋದಾಮಿನಿಂದ ಬಂದ. ಅವನ ಹಿಂದೆ ಗೊಬ್ಬರ ಕೊಳ್ಳಲು ಬಂದ ರೈತನೊಬ್ಬ. ನಾನು ಎದ್ದು ನಿಂತು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ತಪ್ಪು ಯಂತ್ರದ್ದು, ಅದನ್ನು ಹಿಡಿಯಲಾಗದ ನಮ್ಮದು, ನಿಮ್ಮ ತಮ್ಮನದು ಏನೂ ಇಲ್ಲ ಎಂದೆ. ನಿಂಗರಾಜು ಪಕ್ಕದಲ್ಲಿ ಕೈಕಟ್ಟಿ ನಿಂತು ಅಣ್ಣನ ಮುಖವನ್ನೇ ನೋಡುತ್ತಿದ್ದ. ಪುಟ್ಟಸ್ವಾಮಿ ಮಧ್ಯೆ ಬಾಯಿ ಹಾಕದೆ, ಪೂರ್ತಿ ಕೇಳಿದ.

"ಔದಾ? ಆಗೋದು ಆಗೋಯ್ತು, ಬುಡಿ ಸಾ" ಎಂದ. ಆಮೇಲೆ ತಮ್ಮನ ಕಡೆ ತಿರುಗಿ, "ಮಲಗಿಸ್ಲಾ ಅದ್ನ. ಇವ್ರು ಕಾಯ್ತಾವ್ರೆ, ಬಿಲ್ ಆಕು."

ನಿಂಗರಾಜು ಹೆಗಲ ಮೇಲಿನ ಟವಲು ತೆಗೆದು ನೆಲಕ್ಕೆ ಹಾಸಿ, ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಯನ್ನು ಅದರ ಮೇಲೆ ಮೆಲ್ಲಗೆ ಮಲಗಿಸಿ ಸ್ವಿಚ್ ಹಾಕಿದ. ಪರದೆ ಬೆಳಗಿತು.

"ಯಾರ್ ಹೆಸ್ರಿಗೆ ಬರೀಲಿ ಗೌಡ್ರೇ?" ಎಂದು ರೈತನನ್ನು ಕೇಳಿದ.